‘ಪ್ರೈಮ್’ ಪದದ ಬೇರು ಹುಡುಕೋಣ: ಇಂಗ್ಲಿಷ್ ಪದವೊಂದರ ಹುಟ್ಟನ್ನು ಹಂತ ಹಂತವಾಗಿ ಪತ್ತೆ ಮಾಡುವುದು ಹೇಗೆ?

ಪ್ರೈಮ್ ಮಿನಿಸ್ಟರ್, ಪ್ರೈಮ್ ಟೈಮ್, ಪ್ರೈಮ್ ನಂಬರ್, ಅಮೆಜಾನ್ ಪ್ರೈಮ್. ಗೋಡೆಗೆ ಬಣ್ಣ ಬಳಿಯುವ ಮೊದಲು ಹಚ್ಚುವ ಪ್ರೈಮರ್. ಒಂದೇ ಪದ ಎಷ್ಟು ಕಡೆ ನುಸುಳಿದೆ ನೋಡಿ. ಯಾರನ್ನಾದರೂ ಅರ್ಥ ಕೇಳಿದರೆ ‘ಮೊದಲನೆಯದು’ ಎಂದು ಥಟ್ಟನೆ ಹೇಳಿಬಿಡುತ್ತಾರೆ. ಆದರೆ ಪ್ರೈಮ್ ನಂಬರ್ ಆದ 7 ಯಾವುದರಲ್ಲಿ ಮೊದಲನೆಯದು? ಸಂಜೆ ಹೊತ್ತಿನ ಟಿವಿ ಕಾರ್ಯಕ್ರಮ ಯಾವ ಲೆಕ್ಕದಲ್ಲಿ ಮೊದಲನೆಯದು? ಅಲ್ಲಿಗೆ ಉತ್ತರ ತಡವರಿಸುತ್ತದೆ, ಅಲ್ವಾ?

ಪದವೊಂದರ ಹುಟ್ಟನ್ನು ಹುಡುಕಲು ಭಾಷಾಶಾಸ್ತ್ರ ಓದಿರಬೇಕಾಗಿಲ್ಲ. ಎರಡು ಒಳ್ಳೆಯ ನಿಘಂಟು, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಇಲ್ಲಿ ‘ಪ್ರೈಮ್’ ಪದವನ್ನೇ ಇಟ್ಟುಕೊಂಡು ಆ ಕೆಲಸ ಮಾಡೋಣ. ಇದೇ ದಾರಿಯಲ್ಲಿ ಬೇರೆ ಪದಗಳನ್ನೂ ನೀವೇ ಹಿಂಬಾಲಿಸಬಹುದು.

ಹಂತ 1: ನಿಘಂಟು ತೆರೆಯಬೇಡಿ, ಮೊದಲು ವಾಕ್ಯ ಕೂಡಿಹಾಕಿ

ಹೆಚ್ಚಿನವರು ನೇರವಾಗಿ ನಿಘಂಟಿಗೆ ಹೋಗುತ್ತಾರೆ. ಅದಕ್ಕಿಂತ ಮುಂಚೆ, ಆ ಪದ ನಿಮಗೆ ಎಲ್ಲೆಲ್ಲಿ ಸಿಕ್ಕಿದೆಯೋ ಅದನ್ನೆಲ್ಲ ಬರೆದಿಟ್ಟುಕೊಳ್ಳಿ. ಹತ್ತು ಹನ್ನೆರಡು ಬಳಕೆ ಸಿಕ್ಕರೆ ಬೇಕಾದಷ್ಟಾಯಿತು. ಆಮೇಲೆ ಒಂದೇ ಬಗೆಯವನ್ನು ಒಟ್ಟಿಗೆ ಸೇರಿಸಿ.

‘ಪ್ರೈಮ್’ ಬಳಕೆಗಳನ್ನು ಹೀಗೆ ಹರಡಿಕೊಂಡರೆ ಗುಂಪುಗಳು ತಾವಾಗಿಯೇ ಕಾಣುತ್ತವೆ. ಪ್ರೈಮ್ ಮಿನಿಸ್ಟರ್ ಎಂಬಲ್ಲಿ ಅದು ಸ್ಥಾನದ ಮಾತು, ಎಲ್ಲರಿಗಿಂತ ಮೇಲಿನವರು ಎಂದು. ಪ್ರೈಮ್ ಟೈಮ್, ಪ್ರೈಮ್ ಲೊಕೇಶನ್ ಎಂಬಲ್ಲಿ ಗುಣದ ಮಾತು, ಇರುವುದರಲ್ಲಿ ಒಳ್ಳೆಯದು ಎಂದು. ‘ಪ್ರೈಮ್ ಆಫ್ ಲೈಫ್’ ಎಂದರೆ ಮನುಷ್ಯನ ತುಂಬು ಹರೆಯ. ಪ್ರೈಮ್ ನಂಬರ್ ಎಂದರೆ ಒಡೆಯಲಾಗದ ಸಂಖ್ಯೆ. ಇನ್ನು ಪಂಪಿಗೆ ನೀರು ತುಂಬಿ ಅಣಿ ಮಾಡುವುದಕ್ಕೂ, ಗೋಡೆಗೆ ಅಡಿಬಣ್ಣ ಬಳಿಯುವುದಕ್ಕೂ ಇದೇ ಪದ. ಅಲ್ಲಿ ಅದು ಕ್ರಿಯಾಪದ.

ಈ ಪಟ್ಟಿಯಲ್ಲಿ ಒಂದು ಅರ್ಥ ಕಾಣೆಯಾಗಿದೆ ಎನ್ನುವುದನ್ನು ಗಮನಿಸಿ. ‘ಕಾಲದಲ್ಲಿ ಮೊದಲು ಬಂದದ್ದು’ ಎಂಬ ಸೀದಾ ಅರ್ಥದಲ್ಲಿ ಇಂದು ಈ ಪದವನ್ನು ಬಳಸುವವರು ತೀರಾ ಕಡಿಮೆ. ಪ್ರೈಮ್ ಮಿನಿಸ್ಟರ್ ಎಂದರೆ ಒಂದು ದೇಶದ ಮೊಟ್ಟಮೊದಲ ಮಂತ್ರಿ ಎಂದು ಯಾರೂ ತಿಳಿಯುವುದಿಲ್ಲ. ಆದರೆ ಇಂಗ್ಲಿಷಿಗೆ ಈ ಪದ ಬಂದದ್ದೇ ಕಾಲದ ಅರ್ಥ ಹೊತ್ತುಕೊಂಡು. ಆ ಅರ್ಥ ಎಲ್ಲಿ ಹೋಯಿತು? ನಮ್ಮ ಹುಡುಕಾಟಕ್ಕೆ ಇದೊಂದು ಒಳ್ಳೆಯ ಪ್ರಶ್ನೆ. ಪ್ರಶ್ನೆ ಇಲ್ಲದೆ ನಿಘಂಟು ತೆರೆದರೆ ಸುಮ್ನೆ ಪುಟ ತಿರುವಿದ ಹಾಗಾಗುತ್ತದೆ.

ಹಂತ 2: ಸರಿಯಾದ ನಿಘಂಟು ಆರಿಸಿ, ಅದರ ಗುರುತುಗಳನ್ನು ಕಲಿಯಿರಿ

ಸಾಮಾನ್ಯ ನಿಘಂಟು ಇಂದಿನ ಅರ್ಥ ಹೇಳುತ್ತದೆ. ನಮಗೆ ಬೇಕಾದದ್ದು ಪದದ ಚರಿತ್ರೆ. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಆಧಾರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದರಲ್ಲಿ ಅರ್ಥಗಳನ್ನು ಹಳೆಯದರಿಂದ ಹೊಸದರ ಕಡೆಗೆ ಜೋಡಿಸಿರುತ್ತಾರೆ. ಪ್ರತಿ ಅರ್ಥದ ಕೆಳಗೆ ಹಳೆಯ ಬರಹಗಳಿಂದ ಎತ್ತಿದ ವಾಕ್ಯಗಳು ಇಸವಿ ಸಮೇತ ಇರುತ್ತವೆ. ಈ ನಿಘಂಟನ್ನು ಹತ್ತು ವರ್ಷದಲ್ಲಿ ಮುಗಿಸುವ ಅಂದಾಜು ಹಾಕಿದ್ದರಂತೆ. ಐದು ವರ್ಷ ದುಡಿದ ಮೇಲೆ 1884ರಲ್ಲಿ ಮೊದಲ ಕಂತು ಬಂದಾಗ ಅವರು ‘ಆಂಟ್’ ಎಂಬ ಪದದವರೆಗೆ ಮಾತ್ರ ತಲುಪಿದ್ದರು! ಕೆಲಸ ಪೂರ್ತಿಯಾದದ್ದು 1928ರಲ್ಲಿ. ಸಂಪಾದಕ ಜೇಮ್ಸ್ ಮರ್ರೆ ಅಷ್ಟರಲ್ಲಿ ತೀರಿಹೋಗಿದ್ದರು.

ಅದನ್ನು ಪೂರ್ತಿ ನೋಡಲು ಹಣ ಕೊಡಬೇಕು ಇಲ್ಲವೇ ಗ್ರಂಥಾಲಯದ ಸದಸ್ಯತ್ವ ಬೇಕು. ಉಚಿತವಾಗಿ ಸಿಗುವುದರಲ್ಲಿ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ಶುರು ಮಾಡಲು ಚೆನ್ನಾಗಿದೆ. ಮಿಷಿಗನ್ ವಿಶ್ವವಿದ್ಯಾಲಯದ ಮಿಡ್ಲ್ ಇಂಗ್ಲಿಷ್ ಡಿಕ್ಷನರಿಯೂ ಉಚಿತ. ಅದು ಮಧ್ಯಯುಗದ ಇಂಗ್ಲಿಷಿಗೆ ಮಾತ್ರ ಮೀಸಲು. ಮೆರಿಯಮ್ ವೆಬ್‌ಸ್ಟರ್‌ನಲ್ಲಿ ಪದದ ಮೊದಲ ಬಳಕೆ ಸುಮಾರು ಯಾವ ಕಾಲದ್ದು ಎಂದು ಕೊಟ್ಟಿರುತ್ತಾರೆ. ಯಾವುದನ್ನೇ ನೋಡಿ, ಒಂದನ್ನೇ ನಂಬಬೇಡಿ. ಎರಡು ಕಡೆ ಒಂದೇ ಮಾತು ಸಿಕ್ಕರೆ ಮಾತ್ರ ನೋಟ್‌ಬುಕ್ಕಿಗೆ ಇಳಿಸಿ.

ಗುರುತುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಎಡಕ್ಕೆ ಮೂತಿ ಮಾಡಿದ ಬಾಣದಂಥ ಗುರುತು ಇದ್ದರೆ ‘ಇದರಿಂದ ಬಂದದ್ದು’ ಎಂದು ಓದಿಕೊಳ್ಳಿ. ಓ ಮತ್ತು ಇ ಜೊತೆಯಾಗಿದ್ದರೆ ಹಳೆಯ ಇಂಗ್ಲಿಷ್, ಅಂದರೆ ಸುಮಾರು 1150ರವರೆಗಿನದು. ಎಂ ಮತ್ತು ಇ ಎಂದರೆ ಅಲ್ಲಿಂದ ಸುಮಾರು 1500ರವರೆಗಿನ ಮಧ್ಯಕಾಲದ ಇಂಗ್ಲಿಷ್. ಓ ಮತ್ತು ಎಫ್ ಎಂದರೆ ಹಳೆಯ ಫ್ರೆಂಚ್. ಬರೀ ಎಲ್ ಇದ್ದರೆ ಲ್ಯಾಟಿನ್. ಪದದ ಮುಂದೆ ನಕ್ಷತ್ರ ಚಿಹ್ನೆ ಇದ್ದರೆ ಮಾತ್ರ ಸ್ವಲ್ಪ ನಿಲ್ಲಿ. ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ಬೇರೆ ಬೇರೆ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಕಟ್ಟಿಕೊಂಡದ್ದು ಎಂದು ಅರ್ಥ. ನಕ್ಷತ್ರವನ್ನು ನೋಡದೆ ಹೋದರೆ ಊಹೆಯನ್ನೂ ದಾಖಲೆಯನ್ನೂ ಒಂದೇ ತಕ್ಕಡಿಗೆ ಹಾಕಿದಂತೆ.

ಹಂತ 3: ಪದ ಎಷ್ಟು ಸಲ ಬಂತು ಎಂದು ನೋಡಿ

‘ಎಷ್ಟು ಸಲ’ ಎಂದೇ ಕೇಳಬೇಕು. ಒಂದು ಪದ ಒಂದು ಭಾಷೆಗೆ ಒಂದೇ ಸಲ ಬರುತ್ತದೆ ಎಂದೇನಿಲ್ಲ.

‘ಪ್ರೈಮ್’ ಎರಡು ಸಲ ಬಂದಿದೆ. ಎರಡೂ ಸಲ ಮೂಲ ಒಂದೇ, ಲ್ಯಾಟಿನ್ನಿನ ‘ಪ್ರೀಮುಸ್’. ಅದರ ಅರ್ಥ ಮೊದಲನೆಯವನು ಅಥವಾ ಮೊದಲನೆಯದು. ಸ್ತ್ರೀಲಿಂಗದಲ್ಲಿ ಅದು ‘ಪ್ರೀಮಾ’. ಎರಡನೆಯ ಸಲ ಬಂದದ್ದು ಎಲ್ಲರೂ ಊಹಿಸುವ ದಾರಿಯಲ್ಲೇ. 1066ರಲ್ಲಿ ಫ್ರಾನ್ಸಿನ ಉತ್ತರ ಭಾಗದಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ಬಂತು. ಆ ಫ್ರೆಂಚಿನ ‘ಪ್ರೀಮ್’ 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ಗುಣವಾಚಕವಾಗಿ ನೆಲೆಯೂರಿತು.

ನನಗೆ ಹೆಚ್ಚು ಇಷ್ಟವಾದದ್ದು ಮೊದಲ ಸಲದ ಬರವು. ಅದು ನಾರ್ಮನ್ನರಿಗಿಂತ ಎಷ್ಟೋ ಮುಂಚಿನ ಸಂಗತಿ. ಆಗ ಪದವನ್ನು ತಂದವರು ಕ್ರೈಸ್ತ ಸನ್ಯಾಸಿಗಳು.

ರೋಮನ್ನರು ಹಗಲನ್ನು ಹನ್ನೆರಡು ಪಾಲು ಮಾಡುತ್ತಿದ್ದರು. ಸೂರ್ಯ ಹುಟ್ಟಿದಾಗ ಎಣಿಕೆ ಶುರು, ಮುಳುಗಿದಾಗ ಹನ್ನೆರಡು ಮುಗಿಯಿತು. ಹಾಗಾಗಿ ಬೇಸಿಗೆಯಲ್ಲಿ ಒಂದು ಗಂಟೆ ಉದ್ದ, ಚಳಿಗಾಲದಲ್ಲಿ ಗಿಡ್ಡ. ಇಂದಿನ ಗಡಿಯಾರದ ಲೆಕ್ಕವನ್ನು ಇದಕ್ಕೆ ಸರಿಯಾಗಿ ಕೂರಿಸಲು ಬರುವುದಿಲ್ಲ. ಇದರಲ್ಲಿ ಮೊದಲ ಗಂಟೆಯ ಹೆಸರು ‘ಹೋರಾ ಪ್ರೀಮಾ’. ಸುಮಾರು ಬೆಳಗಿನ ಆರರ ಹೊತ್ತು ಎಂದುಕೊಳ್ಳಿ. ಮಠಗಳಲ್ಲಿ ಆ ಹೊತ್ತಿಗೊಂದು ಪ್ರಾರ್ಥನೆ ಇತ್ತು. ಪ್ರಾರ್ಥನೆಗೂ ಅದೇ ಹೆಸರು ಬಿತ್ತು. ಹಳೆಯ ಇಂಗ್ಲಿಷಿನಲ್ಲಿ ‘ಪ್ರೀಮ್’ ಎಂದರೆ ಅದೇ: ಮುಂಜಾನೆಯ ಪ್ರಾರ್ಥನೆ. ಮಂತ್ರಿಯೂ ಅಲ್ಲ, ಸಂಖ್ಯೆಯೂ ಅಲ್ಲ.

ಇಲ್ಲಿಗೆ ಬಂದಿದ್ದೇವೆ ಎಂದ ಮೇಲೆ ಅಕ್ಕಪಕ್ಕದ ಗಂಟೆಗಳನ್ನೂ ಇಣುಕಿ ನೋಡಬೇಕು. ಆರನೆಯ ಗಂಟೆ ‘ಸೆಕ್ಸ್ಟಾ’, ನಡುಹಗಲು. ಸ್ಪ್ಯಾನಿಷ್ ಭಾಷೆಯಲ್ಲಿ ಅದು ‘ಸಿಯೆಸ್ಟಾ’ ಆಯಿತು, ಅಂದರೆ ಮಧ್ಯಾಹ್ನದ ನಿದ್ದೆ. ಒಂಬತ್ತನೆಯ ಗಂಟೆ ‘ನೋನಾ’. ಲೆಕ್ಕದ ಪ್ರಕಾರ ಅದು ಮಧ್ಯಾಹ್ನ ಮೂರರ ಸುಮಾರು ಬರಬೇಕು. ಇಂಗ್ಲಿಷಿನ ‘ನೂನ್’ ಹುಟ್ಟಿದ್ದು ಅದರಿಂದಲೇ. ಆದರೆ ನೂನ್ ಎಂದರೆ ಇಂದು ಹನ್ನೆರಡು ಗಂಟೆ. ಮಧ್ಯಯುಗದಲ್ಲಿ ಆ ಪ್ರಾರ್ಥನೆ ಮೆಲ್ಲಗೆ ಮುಂಚಿನ ಹೊತ್ತಿಗೆ ಸರಿಯಿತು. ಜೊತೆಗೆ ಪದವೂ ಮೂರು ತಾಸು ಹಿಂದಕ್ಕೆ ಬಂತು. ಒಂಬತ್ತು ಎಂಬ ಅರ್ಥವಿದ್ದ ಪದ ಹನ್ನೆರಡನ್ನು ತೋರಿಸುತ್ತಿದೆ! ಪದದ ಮೂಲವನ್ನೇ ಅದರ ನಿಜವಾದ ಅರ್ಥ ಎಂದು ಹಟ ಹಿಡಿಯುವವರಿಗೆ ನಾನು ಸಾಮಾನ್ಯವಾಗಿ ಈ ನೂನ್ ಕತೆ ಹೇಳುತ್ತೇನೆ.

ಮೊದಲ ಹಂತದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕಾಲದ ಅರ್ಥ ಮೊದಲು ದಿನದ ಮೊದಲ ಹೊತ್ತಾಗಿತ್ತು. ಆಮೇಲೆ ವರ್ಷದ ಮೊದಲ ಹೊತ್ತು, ಅಂದರೆ ವಸಂತ. ಅಲ್ಲಿಂದ ಬದುಕಿನ ವಸಂತ, ಅಂದರೆ ಹರೆಯ. ಹರೆಯ ಎಂದರೆ ಮೈಮನಸ್ಸು ಗಟ್ಟಿಯಾಗಿರುವ ಕಾಲ. ಹೀಗೆ ‘ಮೊದಲು’ ಎಂಬುದು ಒಂದೊಂದೇ ಮೆಟ್ಟಿಲು ಹತ್ತಿ ‘ಒಳ್ಳೆಯದು’ ಎಂಬಲ್ಲಿಗೆ ತಲುಪಿತು. ಇಟಾಲಿಯನ್ನಿನಲ್ಲಿ ವಸಂತಕ್ಕೆ ಈಗಲೂ ‘ಪ್ರಿಮವೇರಾ’ ಎನ್ನುತ್ತಾರೆ. ಫ್ರೆಂಚಿನಲ್ಲಿ ‘ಪ್ರಾಂತಾಂ’. ಎರಡರಲ್ಲೂ ಪ್ರೀಮುಸ್ ಅಡಗಿ ಕೂತಿದೆ.

ಹಂತ 4: ಒಂದೊಂದು ಕವಲನ್ನೂ ಬೇರೆಯಾಗಿ ಹಿಡಿಯಿರಿ

ಎಲ್ಲ ಅರ್ಥಗಳನ್ನೂ ಒಂದೇ ಏಟಿಗೆ ವಿವರಿಸಲು ಹೋಗಬೇಡಿ. ಪ್ರತಿ ಕವಲಿಗೂ ಅದರದೇ ಕತೆ ಇರುತ್ತದೆ. ಅದು ನಿಘಂಟಿನಲ್ಲಿ ಪೂರ್ತಿ ಸಿಗುವುದಿಲ್ಲ. ಗಣಿತದ ಪದವಾದರೆ ಗಣಿತದ ಚರಿತ್ರೆ, ರಾಜಕೀಯದ ಪದವಾದರೆ ರಾಜಕೀಯದ ಚರಿತ್ರೆ ನೋಡಬೇಕು.

ಪ್ರೈಮ್ ನಂಬರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ನಾವು ಅವಿಭಾಜ್ಯ ಸಂಖ್ಯೆ ಎನ್ನುತ್ತೇವೆ, ಭಾಗವಾಗದ್ದು ಎಂದು. ಇಂಗ್ಲಿಷ್ ಹೆಸರಿನಲ್ಲಿ ಭಾಗವಾಗದ ಮಾತೇ ಇಲ್ಲ. ಹಾಗಾದರೆ ‘ಮೊದಲ ಸಂಖ್ಯೆ’ ಎಂದು ಯಾಕೆ ಕರೆದರು? ಇದಕ್ಕೆ ಲ್ಯಾಟಿನ್ನನ್ನೂ ದಾಟಿ ಗ್ರೀಕಿಗೆ ಹೋಗಬೇಕು. ಕ್ರಿಸ್ತಪೂರ್ವ 300ರ ಸುಮಾರಿನ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಏಳನೆಯ ಪುಸ್ತಕದಲ್ಲಿ ಇವನ್ನು ‘ಪ್ರೋಟೋಸ್’ ಸಂಖ್ಯೆಗಳು ಎಂದ. ಪ್ರೋಟೋಸ್ ಎಂದರೂ ಮೊದಲನೆಯದೇ. ಒಂದರಿಂದ ಮಾತ್ರ ಅಳೆಯಲು ಬರುವ ಸಂಖ್ಯೆ ಎಂದು ಅವನ ವಿವರಣೆ. ಯಾವ ಅರ್ಥದಲ್ಲಿ ಮೊದಲು ಎನ್ನುವುದು ನಿಕೋಮಾಕಸ್ ಎಂಬ ಇನ್ನೊಬ್ಬ ಗ್ರೀಕ್ ಲೇಖಕನಲ್ಲಿ ಸ್ಪಷ್ಟವಾಗುತ್ತದೆ. ಕ್ರಿಸ್ತಶಕ 100ರ ಆಸುಪಾಸಿನಲ್ಲಿದ್ದ ಅವನು ಗುಣಿಸಿ ಕಟ್ಟಿದ ಸಂಖ್ಯೆಗಳನ್ನು ‘ಎರಡನೆಯವು’ ಎಂದು ಕರೆದ. 3 ಮತ್ತು 5 ಮೊದಲಿನವು. ಅವನ್ನು ಗುಣಿಸಿ ಪಡೆದ 15 ಎರಡನೆಯದು. ಅಂದರೆ ಇಲ್ಲಿ ‘ಮೊದಲು’ ಎಂಬುದು ಎಣಿಕೆಯ ಸಾಲಿನಲ್ಲಿ ಅಲ್ಲ, ಹುಟ್ಟಿನಲ್ಲಿ. ಮಿಕ್ಕ ಸಂಖ್ಯೆಗಳೆಲ್ಲ ಇವುಗಳಿಂದ ಹುಟ್ಟುತ್ತವೆ.

ಗ್ರೀಕಿನ ಪ್ರೋಟೋಸ್ ಲ್ಯಾಟಿನ್ನಿಗೆ ಹೋಗುವಾಗ ಪ್ರೀಮುಸ್ ಆಯಿತು. 1570ರಲ್ಲಿ ಹೆನ್ರಿ ಬಿಲಿಂಗ್ಸ್ಲಿ ಯೂಕ್ಲಿಡ್‌ನನ್ನು ಇಂಗ್ಲಿಷಿಗೆ ತಂದಾಗ ಅದು ಪ್ರೈಮ್ ಆಗಿ ಅಚ್ಚಾಯಿತು.

ಇದರ ಜೊತೆ ಒಂದು ಹಳೆಯ ತಕರಾರು ಕೂಡ ಬರುತ್ತದೆ. ಪ್ರೈಮ್ ಎಂದರೆ ಮೊದಲನೆಯದಾದರೆ 1 ಯಾಕೆ ಪ್ರೈಮ್ ಅಲ್ಲ? ಹಿಂದೆ ಹಲವರು ಅದನ್ನೂ ಸೇರಿಸುತ್ತಿದ್ದರು. 1742ರಲ್ಲಿ ಗಣಿತಜ್ಞ ಗೋಲ್ಡ್‌ಬಾಖ್ ಇನ್ನೊಬ್ಬ ಗಣಿತಜ್ಞ ಆಯ್ಲರ್‌ಗೆ ಬರೆದ ಪ್ರಸಿದ್ಧ ಪತ್ರದಲ್ಲಿ 1 ಪ್ರೈಮ್ ಪಟ್ಟಿಯಲ್ಲೇ ಇದೆ. 1914ರಲ್ಲಿ ಅಮೆರಿಕದ ಡಿ. ಎನ್. ಲೆಹ್ಮರ್ ಪ್ರಕಟಿಸಿದ ಪ್ರೈಮ್ ಸಂಖ್ಯೆಗಳ ಕೋಷ್ಟಕ ಕೂಡ 1ರಿಂದಲೇ ಶುರುವಾಗುತ್ತದೆ. ಆಮೇಲೆ ಗಣಿತಜ್ಞರು ಅದನ್ನು ಹೊರಗಿಟ್ಟರು. 12 ಎಂದರೆ 2, 2, 3 ಇವುಗಳ ಗುಣಲಬ್ಧ. ಪ್ರೈಮ್‌ಗಳಾಗಿ ಒಡೆಯಲು ಇದೊಂದೇ ದಾರಿ. 1ನ್ನು ಒಳಗೆ ಬಿಟ್ಟರೆ ಅದನ್ನು ಎಷ್ಟು ಸಲ ಬೇಕಾದರೂ ಗುಣಿಸುತ್ತಾ ಹೋಗಬಹುದು. ಆಗ ‘ಒಂದೇ ದಾರಿ’ ಎಂಬ ಮಾತು ಉಳಿಯುವುದಿಲ್ಲ. ಇದನ್ನು ತೀರ್ಮಾನಿಸಿದ್ದು ಗಣಿತದ ಅನುಕೂಲ. ಪದದ ಮೂಲವನ್ನು ಯಾರೂ ಕೇಳಲಿಲ್ಲ.

ಪ್ರೈಮ್ ಮಿನಿಸ್ಟರ್ ಕವಲು ಇನ್ನೊಂದು ರೀತಿಯದು. ಈ ಹೆಸರು ಬ್ರಿಟನ್ನಿನಲ್ಲಿ ಮೊದಮೊದಲು ಹೊಗಳಿಕೆಯಾಗಿರಲಿಲ್ಲ, ಬೈಗುಳವಾಗಿತ್ತು. ರಾಜನ ಎದುರು ಎಲ್ಲ ಮಂತ್ರಿಗಳೂ ಸಮಾನರಿರಬೇಕು, ಒಬ್ಬನೇ ಮೆರೆಯುತ್ತಿದ್ದಾನೆ ಎಂಬ ಕುಟುಕು ಅದರಲ್ಲಿತ್ತು. 1721ರಿಂದ 1742ರವರೆಗೆ ಅಧಿಕಾರದಲ್ಲಿದ್ದ ರಾಬರ್ಟ್ ವಾಲ್ಪೋಲ್‌ನನ್ನು ಈಗ ಮೊದಲ ಪ್ರೈಮ್ ಮಿನಿಸ್ಟರ್ ಎಂದು ಎಣಿಸುತ್ತಾರೆ. ಅವನು ಮಾತ್ರ 1741ರಲ್ಲಿ ಸಂಸತ್ತಿನಲ್ಲಿ ನಿಂತು ತಾನು ಅಂಥವನಲ್ಲವೇ ಅಲ್ಲ ಎಂದಿದ್ದ. ಅವನ ಅಧಿಕೃತ ಹುದ್ದೆ ‘ಖಜಾನೆಯ ಮೊದಲ ಲಾರ್ಡ್’. 1878ರ ಬರ್ಲಿನ್ ಒಪ್ಪಂದದಲ್ಲಿ ಆಗ ಅದೇ ಹುದ್ದೆಯಲ್ಲಿದ್ದ ಡಿಸ್ರೇಲಿಯ ಹೆಸರಿನ ಜೊತೆ ಪ್ರೈಮ್ ಮಿನಿಸ್ಟರ್ ಎಂಬುದು ಬಂತು. ಆ ಹುದ್ದೆಗೆ ಸರ್ಕಾರಿ ಸಾಲಿನಲ್ಲಿ ಒಂದು ಜಾಗ ಅಂತ ಗೊತ್ತಾದದ್ದು 1905ರಲ್ಲಿ. ಅಲ್ಲಿಯವರೆಗೆ ದೇಶ ಆಳುತ್ತಿದ್ದ ಹುದ್ದೆಗೆ ಕಾಗದದ ಮೇಲೆ ಹೆಸರು ಸಿಗುವುದೇ ಅಪರೂಪವಾಗಿತ್ತು ಎನ್ನಬಹುದು.

ಪ್ರೈಮ್ ಮೆರಿಡಿಯನ್ ಕತೆ ಚಿಕ್ಕದು. ಭೂಗೋಳದ ಮೇಲೆ ಉದ್ದಗೆರೆಗಳನ್ನು, ಅಂದರೆ ರೇಖಾಂಶಗಳನ್ನು, ಎಣಿಸಲು ಸೊನ್ನೆ ಎಲ್ಲಾದರೂ ಇರಲೇಬೇಕಲ್ಲ. ಸಮಭಾಜಕ ವೃತ್ತವನ್ನು ಭೂಮಿಯ ತಿರುಗುವಿಕೆಯೇ ತೋರಿಸಿಕೊಡುತ್ತದೆ. ಉದ್ದಗೆರೆಗೆ ಅಂಥ ಸಹಜ ಆರಂಭ ಇಲ್ಲ. 1884ರಲ್ಲಿ 25 ದೇಶಗಳು ವಾಷಿಂಗ್ಟನ್ನಿನಲ್ಲಿ ಸೇರಿ ಗ್ರೀನಿಚ್ ಗೆರೆಯನ್ನು ಆರಿಸಿದವು. ಪರವಾಗಿ 22 ಮತ, ವಿರುದ್ಧ 1. ಫ್ರಾನ್ಸ್ ಮತ್ತು ಬ್ರೆಜಿಲ್ ಮತ ಹಾಕಲಿಲ್ಲ. ಈ ‘ಮೊದಲು’ ಮತ ಎಣಿಸಿ ಕೊಟ್ಟದ್ದು.

ಇನ್ನೊಂದು ಕವಲನ್ನು ಹೆಚ್ಚಿನವರು ಗಮನಿಸಿರುವುದೇ ಇಲ್ಲ. ಕೋನ ಅಳೆಯುವಾಗ ನಿಮಿಷಕ್ಕೆ ಅಂಕೆಯ ತಲೆಯ ಬಳಿ ಒಂದು ಓರೆಗೆರೆ, ಸೆಕೆಂಡಿಗೆ ಎರಡು ಓರೆಗೆರೆ ಹಾಕುತ್ತಾರೆ. ಆ ಒಂಟಿ ಗೆರೆಯ ಹೆಸರು ‘ಪ್ರೈಮ್’. ಯಾಕೆಂದರೆ ಲ್ಯಾಟಿನ್ನಿನಲ್ಲಿ ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದಾಗ ಸಿಗುವುದಕ್ಕೆ ‘ಪಾರ್ಸ್ ಮಿನೂಟಾ ಪ್ರೀಮಾ’ ಎನ್ನುತ್ತಿದ್ದರು. ಮೊದಲ ಸಣ್ಣ ಪಾಲು ಎಂದು. ಅದನ್ನು ಮತ್ತೆ ಅರವತ್ತು ಮಾಡಿದರೆ ‘ಪಾರ್ಸ್ ಮಿನೂಟಾ ಸೆಕುಂಡಾ’, ಎರಡನೆಯ ಸಣ್ಣ ಪಾಲು. ಮೊದಲ ಹೆಸರಿನಿಂದ ‘ಸಣ್ಣ’ ಎಂಬುದು ಮಾತ್ರ ಉಳಿದು ‘ಮಿನಿಟ್’ ಆಯಿತು. ಎರಡನೆಯದರಿಂದ ‘ಎರಡನೆಯ’ ಎಂಬುದು ಮಾತ್ರ ಉಳಿದು ‘ಸೆಕೆಂಡ್’ ಆಯಿತು. ಪ್ರೀಮಾ ಹೆಸರಿನಿಂದ ಜಾರಿಹೋಗಿ ಗೆರೆಯಲ್ಲಿ ಉಳಿಯಿತು. ಸೆಕೆಂಡ್ ಎಂದರೆ ಎರಡನೆಯದು, ಸರಿ, ಹಾಗಾದರೆ ಮೊದಲನೆಯದು ಎಲ್ಲಿ ಎಂದು ಮಕ್ಕಳು ಕೇಳಿದರೆ ಕೊಡಲು ಉತ್ತರ ಸಿಕ್ಕಿತಲ್ಲ!

ಹಂತ 5: ನೆಂಟರ ಪಟ್ಟಿ ಮಾಡಿ, ನೆಂಟರಂತೆ ನಟಿಸುವವರನ್ನು ಹೊರಗಿಡಿ

ಪ್ರೀಮುಸ್ ಮನೆತನ ದೊಡ್ಡದು. ಕೆಲವರನ್ನು ಮುಖ ನೋಡಿಯೇ ಗುರುತಿಸಬಹುದು: ಪ್ರೈಮರಿ, ಪ್ರಿಮಿಟಿವ್, ಪ್ರೀಮಿಯರ್. ಕೆಲವರು ವೇಷ ಬದಲಿಸಿದ್ದಾರೆ. ‘ಪ್ರಿನ್ಸ್’ ಎಂಬುದು ಪ್ರೀಮುಸ್ ಮತ್ತು ‘ಹಿಡಿ, ತೆಗೆದುಕೋ’ ಎಂಬ ಧಾತು ಸೇರಿ ಆದದ್ದು. ಮೊದಲ ಸ್ಥಾನ ಹಿಡಿದವನು ಎಂದು. ರೋಮಿನ ಆಗಸ್ಟಸ್ ತನ್ನನ್ನು ರಾಜ ಎಂದು ಕರೆಸಿಕೊಳ್ಳದೆ ‘ಪ್ರಿಂಕೆಪ್ಸ್’ ಎಂದಷ್ಟೇ ಹೇಳಿಸಿಕೊಂಡ, ನಾನು ಬರೀ ಮೊದಲ ಪ್ರಜೆ ಎಂಬ ಧಾಟಿಯಲ್ಲಿ. ಅದೇ ಪದದಿಂದ ಪ್ರಿನ್ಸಿಪಾಲ್ ಕೂಡ ಬಂದಿದೆ.

‘ಪ್ರೈಮೇಟ್’ ಎಂದರೆ ಮೊದಲು ದೊಡ್ಡ ಬಿಷಪ್. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಇಂದಿಗೂ ‘ಇಡೀ ಇಂಗ್ಲೆಂಡಿನ ಪ್ರೈಮೇಟ್’. ಯಾರ್ಕಿನವರು ಬರೀ ‘ಇಂಗ್ಲೆಂಡಿನ ಪ್ರೈಮೇಟ್’. ಆ ‘ಇಡೀ’ಯಲ್ಲಿ ಎಷ್ಟು ಜಗಳ ಅಡಗಿದೆಯೋ! 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಪ್ರಾಣಿಗಳನ್ನು ವಿಂಗಡಿಸುವಾಗ ಮನುಷ್ಯ, ಮಂಗ, ಲೀಮರ್, ಬಾವಲಿ ಇವನ್ನೆಲ್ಲ ಸೇರಿಸಿ ಅದೇ ಲ್ಯಾಟಿನ್ ಪದವನ್ನು ಅಂಟಿಸಿದ. ಬಾವಲಿಯನ್ನು ಆಮೇಲೆ ಹೊರಗೆ ಹಾಕಿದರು.

ಈಗ ನಟಿಸುವವರು. ‘ಪ್ರಿ’ ಎಂದು ಶುರುವಾದ ಮಾತ್ರಕ್ಕೆ ಎಲ್ಲವೂ ಈ ಮನೆತನದ್ದಲ್ಲ. ‘ಪ್ರಿಸನ್’ ಬಂದದ್ದು ಹಿಡಿಯುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ. ‘ಪ್ರಿಂಟ್’ ಒತ್ತುವುದು ಎಂಬ ಅರ್ಥದಿಂದ. ‘ಪ್ರೀಸ್ಟ್’ ಎಂದರೆ ಮೂಲದಲ್ಲಿ ಹಿರಿಯ, ಅದು ಗ್ರೀಕಿನಿಂದ ಬಂದದ್ದು.

ಇದರ ತಿರುಗುಮುರುಗು ಕೂಡ ಉಂಟು. ಅರ್ಥದಲ್ಲಿ ‘ಮೊದಲಿಗ’ ಎಂದಿದ್ದರೂ ಹುಟ್ಟಿನಲ್ಲಿ ಮೊದಲಿಗೂ ಅದಕ್ಕೂ ಸಂಬಂಧವಿಲ್ಲದ ಪದ ‘ಪಯೋನಿಯರ್’. ಅದರ ಬೇರು ಕಾಲು, ಪಾದ ಎಂಬ ಅರ್ಥದ ಲ್ಯಾಟಿನ್ ಪದ. ಹಳೆಯ ಫ್ರೆಂಚಿನಲ್ಲಿ ಅದು ಕಾಲಾಳು ಸೈನಿಕ. ಗುದ್ದಲಿ ಹಿಡಿದು ಸೈನ್ಯಕ್ಕಿಂತ ಮುಂದೆ ಹೋಗಿ ದಾರಿ ಮಾಡುವುದು, ಕಂದಕ ತೋಡುವುದು ಅವನ ಪಾಲಿನ ಕೆಲಸವಾಯಿತು. ಹೊಸ ದಾರಿ ತೆರೆದವನು ಎಂಬ ಹೊಗಳಿಕೆ ಅಲ್ಲಿಂದ ಬೆಳೆದದ್ದು. ಚದುರಂಗದ ‘ಪಾನ್’ ಇದರ ಹತ್ತಿರದ ನೆಂಟ.

ಹಂತ 6: ಬೇರಿಗೆ ಇಳಿಯಿರಿ, ಆದರೆ ನಿಯಮ ಹಿಡಿದುಕೊಂಡು

ಈ ಹಂತದಲ್ಲಿ ಬಹಳ ಜನ ಜಾರುತ್ತಾರೆ. ಪ್ರೀಮುಸ್ ಎಂದಾಗ ನಮಗೆ ‘ಪ್ರಥಮ’ ನೆನಪಾಗುತ್ತದೆ. ಲ್ಯಾಟಿನ್ನಿನವರು ಸಂಸ್ಕೃತದಿಂದ ಎತ್ತಿಕೊಂಡರು ಎಂದು ಕೆಲವರು ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಹಾಗಲ್ಲ. ಎರಡೂ ಒಂದೇ ಹಳೆಯ ಬೇರಿನಿಂದ ಬೇರೆ ಬೇರೆಯಾಗಿ ಬೆಳೆದವು. ಅಕ್ಕತಂಗಿಯರು, ತಾಯಿಮಗಳಲ್ಲ. ಆ ಬೇರಿನ ಅರ್ಥ ಸುಮಾರಾಗಿ ‘ಮುಂದೆ’. ನಿಘಂಟಿನಲ್ಲಿ ಅದು ನಕ್ಷತ್ರ ಚಿಹ್ನೆಯ ಜೊತೆ ‘ಪೆರ್’ ಎಂದು ಸಿಗುತ್ತದೆ. ಗ್ರೀಕಿನ ಪ್ರೋಟೋಸ್, ಸಂಸ್ಕೃತದ ಪ್ರ, ಪ್ರಥಮ, ಪೂರ್ವ ಎಲ್ಲವೂ ಇದರದೇ ಕುಡಿಗಳು.

ಇಂಗ್ಲಿಷಿನ ‘ಫಸ್ಟ್’ ಕೂಡ ಇದೇ ಬೇರಿನದು ಎಂದರೆ ನಂಬಲು ಕಷ್ಟ, ಯಾಕೆಂದರೆ ಅದರಲ್ಲಿ ಪಕಾರವೇ ಇಲ್ಲ. ಇಲ್ಲಿ ನಿಯಮ ಬೇಕು. ಇಂಗ್ಲಿಷ್, ಜರ್ಮನ್‌ಗಳ ಪೂರ್ವಜ ಭಾಷೆಯಲ್ಲಿ ಪದದ ಮೊದಲಿನ ಹಳೆಯ ಪ ಎಲ್ಲ ಫ ಆಗಿ ಬದಲಾಯಿತು. ಜರ್ಮನ್ ಭಾಷಾಶಾಸ್ತ್ರಜ್ಞ ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ಕ್ರಮವಾಗಿ ವಿವರಿಸಿದ. ಲ್ಯಾಟಿನ್ನಿನ ಪಾಟೆರ್ ಎದುರು ಇಂಗ್ಲಿಷಿನಲ್ಲಿ ಫಾದರ್. ಪಿಸ್ಕಿಸ್ ಎದುರು ಫಿಶ್. ಪೇಸ್ ಎದುರು ಫುಟ್. ಕನ್ನಡಿಗರಿಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ಒಂದೆರಡು ಪದ ಅಲ್ಲ, ಸಾಲು ಸಾಲಾಗಿ ಬದಲಾದಾಗಲೇ ಅದು ನಿಯಮ ಎನ್ನಿಸಿಕೊಳ್ಳುತ್ತದೆ. ಒಂಟಿ ಹೋಲಿಕೆ ಎಷ್ಟು ಚಂದ ಕಂಡರೂ ಸಾಕ್ಷಿಯಾಗುವುದಿಲ್ಲ.

ಇನ್ನು ಪದಗಳ ಬಾಲ ನೋಡಿ. ಫಸ್ಟ್‌ನ ಕೊನೆಯ ‘ಸ್ಟ್’ ಎಂಬುದು ಬೆಸ್ಟ್, ಮೋಸ್ಟ್‌ಗಳಲ್ಲಿ ಇರುವುದೇ. ‘ಫೋರ್’ (ನಾಲ್ಕಲ್ಲ, ‘ಬಿಫೋರ್’ನಲ್ಲಿರುವ ಫೋರ್) ಎಂದರೆ ಮುಂದೆ. ಫಸ್ಟ್ ಎಂದರೆ ಎಲ್ಲಕ್ಕಿಂತ ಮುಂದೆ. ಲ್ಯಾಟಿನ್ನಿನಲ್ಲಿ ‘ಪ್ರಿಯೋರ್’ ಎಂದರೆ ಹೆಚ್ಚು ಮುಂದಿನದು, ಪ್ರೀಮುಸ್ ಎಂದರೆ ಎಲ್ಲಕ್ಕಿಂತ ಮುಂದಿನದು. ಪ್ರಥಮದ ಕೊನೆಯಲ್ಲಿರುವುದೂ ಉತ್ತಮದಲ್ಲಿರುವ ‘ತಮ’ದ ಜಾತಿಯದೇ ಎಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ಈ ಭಾಷೆಗಳಲ್ಲಿ ‘ಒಂದು’ ಎಂಬ ಎಣಿಕೆಯಿಂದ ‘ಮೊದಲು’ ಹುಟ್ಟಲಿಲ್ಲ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತದ್ದರಿಂದ ಹುಟ್ಟಿತು. ಇಂಗ್ಲಿಷಿನಲ್ಲಿ ‘ವನ್’ ಮತ್ತು ‘ಫಸ್ಟ್’ ಒಂದಕ್ಕೊಂದು ಹೋಲದಿರುವುದು ಅದಕ್ಕೇ. ಜರ್ಮನ್ ಭಾಷೆಯಲ್ಲಿ ಫಸ್ಟ್‌ನ ಸೋದರ ಪದ ‘ಫ್ಯೂರ್ಸ್ಟ್’. ಅದರ ಅರ್ಥ ಅರಸು, ದೊರೆ. ಪ್ರಿನ್ಸ್ ನಡೆದ ದಾರಿಯಲ್ಲೇ ಇದೂ ನಡೆದಿದೆ, ಒಂದನ್ನೊಂದು ನೋಡದೆಯೇ.

ಹಂತ 7: ‘ಬಹುಶಃ’ ಎಂದಿರುವಲ್ಲಿ ನೀವೂ ‘ಬಹುಶಃ’ ಎಂದೇ ಬರೆಯಿರಿ

ಮೊದಲ ಹಂತದಲ್ಲಿ ಪಕ್ಕಕ್ಕಿಟ್ಟ ಕ್ರಿಯಾಪದ ನೆನಪಿದೆಯಲ್ಲ? ಬಂದೂಕಿಗೆ ಮದ್ದು ತುಂಬುವುದು, ಪಂಪಿಗೆ ನೀರು ಹೊಯ್ಯುವುದು, ಅಡಿಬಣ್ಣ ಬಳಿಯುವುದು. ಮದ್ದಿನ ಅರ್ಥ 16ನೇ ಶತಮಾನದ ಆರಂಭದಿಂದ ಸಿಗುತ್ತದೆ. ಎಲ್ಲವೂ ಮುಖ್ಯ ಕೆಲಸಕ್ಕಿಂತ ಮೊದಲು ಮಾಡುವಂಥವು. ಹಾಗಾಗಿ ಪ್ರೀಮುಸ್‌ನಿಂದಲೇ ಬಂದಿರಬೇಕು ಎಂದು ಹೇಳಲು ನಾಲಿಗೆ ತುರಿಸುತ್ತದೆ. ನಿಘಂಟುಗಳು ಮಾತ್ರ ಇಲ್ಲಿ ‘ಬಹುಶಃ’ ಎಂದು ಒಂದು ಹೆಜ್ಜೆ ಹಿಂದೆ ಸರಿಯುತ್ತವೆ. ನೋಟ್‌ಬುಕ್ಕಿನಲ್ಲೂ ಆ ‘ಬಹುಶಃ’ ಉಳಿಯಲಿ. ಅಂತರ್ಜಾಲದಲ್ಲಿ ಹರಿದಾಡುವ ಪದಕತೆಗಳು ಕೆಡುವುದು ಈ ಒಂದು ಪದವನ್ನು ಯಾರೋ ಅಳಿಸಿದಾಗ.

‘ಪ್ರೈಮರ್’ ಎಂಬ ನಾಮಪದವನ್ನೂ ಇಲ್ಲೇ ಬಿಡಿಸಿಕೊಳ್ಳಿ. ಅಡಿಬಣ್ಣದ ಪ್ರೈಮರ್ ಈ ಕ್ರಿಯಾಪದದಿಂದ ಆದದ್ದು. ಮಕ್ಕಳ ಓದಿನ ಮೊದಲ ಪುಸ್ತಕವಾದ ಪ್ರೈಮರ್ ಬೇರೆ. ಅದು 14ನೇ ಶತಮಾನದ್ದು, ಮೊದಲಿಗೆ ಅದೊಂದು ಪ್ರಾರ್ಥನೆಯ ಪುಸ್ತಕ. ಇಂಗ್ಲಿಷ್ ಕವಿ ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ಒಬ್ಬ ಪುಟ್ಟ ಹುಡುಗ ಶಾಲೆಯಲ್ಲಿ ಪ್ರೈಮರ್ ಹಿಡಿದು ಕೂತಿರುತ್ತಾನೆ. ಅಮೆರಿಕದಲ್ಲಿ ಪುಸ್ತಕಕ್ಕೆ ‘ಪ್ರಿಮರ್’, ಬಣ್ಣಕ್ಕೆ ‘ಪ್ರೈಮರ್’ ಎಂದು ಉಚ್ಚರಿಸುತ್ತಾರೆ. ಅಕ್ಷರ ಎರಡಕ್ಕೂ ಒಂದೇ. ಉಚ್ಚಾರ ಬೇರೆಯಾಗಿ ಕೇಳಿಸಿದಾಗ ಕತೆಯೂ ಬೇರೆ ಇರಬಹುದೇ ಎಂದು ತಡಕಿ ನೋಡುವುದು ಒಳ್ಳೆಯ ಅಭ್ಯಾಸ.

ಕೈ ಕುದುರಿಸಿಕೊಳ್ಳಲು ಮುಂದೆ ಗ್ರೀಕಿನ ಪ್ರೋಟೋಸ್ ಕಡೆಯ ಪದಗಳನ್ನು ಎತ್ತಿಕೊಳ್ಳಿ: ಪ್ರೋಟಾನ್, ಪ್ರೋಟೀನ್, ಪ್ರೊಟಾಗನಿಸ್ಟ್, ಪ್ರೋಟೋಕಾಲ್. ಮೊದಲ ಮೂರು ಸಲೀಸು. ಪ್ರೋಟೋಕಾಲ್ ಕೊಂಚ ಕಾಡಿಸುತ್ತದೆ. ಅದರ ಎರಡನೆಯ ಅರ್ಧಕ್ಕೆ ಗ್ರೀಕಿನಲ್ಲಿ ‘ಅಂಟು’ ಎಂಬ ಅರ್ಥ ಸಿಕ್ಕಾಗ ಗಾಬರಿಯಾಗಬೇಡಿ, ದಾರಿ ತಪ್ಪಿಲ್ಲ. ಪಪೈರಸ್ ಸುರುಳಿಯ ಮುಂಭಾಗಕ್ಕೆ ಅಂಟಿಸುತ್ತಿದ್ದ ಮೊದಲ ಹಾಳೆಯಿಂದ ಅಲ್ಲಿ ಕತೆ ಶುರುವಾಗುತ್ತದೆ.